ಮೂರೇ ಊರಲ್ಲಿ ಉಳಿದು ಜಪಾನ್ ನೋಡಿದ್ದು

ಜಪಾನಿಗೆ ಹೊರಟವರೆಲ್ಲ ಮೊದಲು ಕೇಳುವುದು ಜೆಆರ್ ಪಾಸ್, ಅಂದರೆ ಒಂದೇ ಸಲ ದುಡ್ಡು ಕಟ್ಟಿ ಇಷ್ಟು ದಿನ ಅಂತ ರೈಲಿನಲ್ಲಿ ಓಡಾಡುವ ಪಾಸು, ತಗೋಬೇಕಾ, ಬೇಡ್ವಾ ಅಂತ. ನಾವು ತಗೊಳ್ಳಲಿಲ್ಲ. 2023ರ ಅಕ್ಟೋಬರ್‌ನಲ್ಲಿ ಏಳು ದಿನದ ಪಾಸಿನ ಬೆಲೆ 29,650 ಯೆನ್‌ನಿಂದ ಒಂದೇ ಏಟಿಗೆ 50,000 ಯೆನ್‌ಗೆ ಏರಿತು. ಟೋಕಿಯೊದಿಂದ ಕ್ಯೋಟೋಗೆ ಬುಲೆಟ್ ರೈಲಿಗೆ ಸುಮಾರು 14,000, ಕ್ಯೋಟೋದಿಂದ ಹಿರೋಶಿಮಾಗೆ ಸುಮಾರು 11,000, ಅಲ್ಲಿಂದ ಒಸಾಕಾಗೆ ಹತ್ತು ಸಾವಿರ ಚಿಲ್ಲರೆ. ನಮ್ಮ ಯಜಮಾನರು ಬ್ಯಾಂಕಿನಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಚೀಟಿಯ ಮೇಲೆ ಕೂಡಿ ನೋಡಿ, "ಬಿಡಿ ಟಿಕೆಟ್ಟೇ ಲಾಭ ಕಣೇ" ಅಂದರು. ಈ ಲೆಕ್ಕ ಕೂಡಿಬರಬೇಕಾದರೆ ಒಂದು ಷರತ್ತು ಇದೆ. ಹೋದ ದಾರಿಯಲ್ಲೇ ವಾಪಸ್ ಬರಬಾರದು. ಬೆಂಗಳೂರಿನಿಂದ ಟೋಕಿಯೊದ ನರಿಟಾಗೆ ನೇರ ವಿಮಾನ ಇದೆ, ಅದರಲ್ಲಿ ಹೋದೆವು. ವಾಪಸ್ ಬಂದದ್ದು ಒಸಾಕಾ ಪಕ್ಕದ ಕನ್ಸಾಯ್ ಏರ್‌ಪೋರ್ಟಿನಿಂದ, ನಡುವೆ ಒಂದು ಕಡೆ ವಿಮಾನ ಬದಲಿಸಿ.

ತಂಗಿದ್ದು ಮೂರೇ ಊರಲ್ಲಿ. ಟೋಕಿಯೊ, ಕ್ಯೋಟೋ, ಹಿರೋಶಿಮಾ. ಉಳಿದ ಊರುಗಳಿಗೆಲ್ಲ ಬೆಳಗ್ಗೆ ಹೋಗಿ ಸಂಜೆ ಬರುವುದು. ದಿನಕ್ಕೊಂದು ಹೋಟೆಲ್ ಅಂತ ಹೊರಟರೆ ಅರ್ಧ ದಿನ ಪೆಟ್ಟಿಗೆ ಕಟ್ಟುವುದರಲ್ಲೇ ಹೋಗುತ್ತದೆ. ಅದೂ ಗಂಡ ಹೆಂಡತಿ ಇಬ್ಬರೇ ಇದ್ದಾಗ ಆ ಅರ್ಧ ದಿನದಲ್ಲಿ ಏನೇನು ಮಾತು ಬರುತ್ತವೆ ಅಂತ ಗೊತ್ತಲ್ವಾ!

ರೂಮು ಬುಕ್ ಮಾಡುವಾಗ ಮಂಚದ ಅಳತೆ ನೋಡಿ. ಅಲ್ಲಿ ಸೆಮಿ ಡಬಲ್ ಅಂತ ಒಂದು ಇದೆ, 120 ಸೆಂಟಿಮೀಟರ್ ಅಗಲ ಇರುತ್ತದೆ. ಇಬ್ಬರಿಗೆ ಅಂತಲೇ ಕೊಡುತ್ತಾರೆ. ಮದುವೆಯಾದ ಹೊಸದರಲ್ಲಿ ಸರಿ, ನಮ್ಮ ವಯಸ್ಸಿಗಲ್ಲ. ಟ್ವಿನ್ ಅಂತ ಕೇಳಿದರೆ ಎರಡು ಮಂಚ ಸಿಗುತ್ತದೆ. ಕೆಲವು ಹೋಟೆಲ್‌ಗಳಲ್ಲಿ ಎಲ್ಲರಿಗೂ ಸೇರಿ ದೊಡ್ಡ ಬಿಸಿನೀರಿನ ಕೊಳ ಇರುತ್ತದೆ. ಗಂಡಸರ ಬಾಗಿಲಿಗೆ ನೀಲಿ ಪರದೆ, ಹೆಂಗಸರದಕ್ಕೆ ಕೆಂಪು. ಮೈಮೇಲೆ ಒಂದು ನೂಲೂ ಇಲ್ಲದೆ ಇಳಿಯಬೇಕು, ಅದಕ್ಕೂ ಮುಂಚೆ ಚೆನ್ನಾಗಿ ಸೋಪು ಹಚ್ಚಿ ತೊಳೆದುಕೊಳ್ಳಬೇಕು. ಮೊದಲನೇ ಸಲ ಮುಜುಗರ. ದಿನವಿಡೀ ನಡೆದ ಕಾಲಿಗೆ ಆ ಬಿಸಿನೀರಿನ ರುಚಿ ಹತ್ತಿದ ಮೇಲೆ ಯಾರ ಮುಜುಗರ ಯಾರಿಗೆ!

ಟೋಕಿಯೊ ಬಗ್ಗೆ ಜಾಸ್ತಿ ಬರೆಯುವುದಿಲ್ಲ, ಅದರ ವಿಡಿಯೋ ಎಲ್ಲರೂ ನೋಡಿರುತ್ತಾರೆ. ಅಸಾಕುಸಾದ ಸೆನ್ಸೋಜಿ ದೇವಸ್ಥಾನಕ್ಕೆ ಅಂಗಡಿಗಳು ತೆರೆಯುವ ಮುಂಚೆ ಹೋಗಿ. ಬಾಗಿಲಲ್ಲಿ ತೂಗುವ ಆ ದೊಡ್ಡ ಕೆಂಪು ಲಾಟೀನಿನ ಕೆಳಗೆ ಆಗ ನೆಮ್ಮದಿಯಾಗಿ ನಿಲ್ಲಬಹುದು. ಊರನ್ನು ಮೇಲಿಂದ ನೋಡಲು ದುಡ್ಡು ಕೊಡಬೇಕಾಗಿಲ್ಲ. ಶಿಂಜುಕುವಿನಲ್ಲಿ ಟೋಕಿಯೊ ಸರ್ಕಾರದ ಕಚೇರಿ ಕಟ್ಟಡ ಇದೆ. ಅದರ 45ನೇ ಮಹಡಿಗೆ, 202 ಮೀಟರ್ ಎತ್ತರಕ್ಕೆ, ಪುಕ್ಕಟೆ ಲಿಫ್ಟ್ ಬಿಡುತ್ತಾರೆ.

ಊರು ಬಿಡುವ ಹಿಂದಿನ ದಿನ ದೊಡ್ಡ ಪೆಟ್ಟಿಗೆಯನ್ನು ಟೋಕಿಯೊ ಹೋಟೆಲಿನ ಕೌಂಟರಿನಲ್ಲೇ ಕೊಟ್ಟು ಕ್ಯೋಟೋ ಹೋಟೆಲಿಗೆ ಪಾರ್ಸೆಲ್ ಮಾಡಿದೆವು. ಮಾರನೇ ದಿನ ಅಲ್ಲಿ ಬಂದಿರುತ್ತದೆ. ನಮ್ಮ ಕೈಯಲ್ಲಿ ಒಂದೊಂದು ಬೆನ್ನಚೀಲ ಅಷ್ಟೇ. ಬುಲೆಟ್ ರೈಲಿನಲ್ಲಿ ಉದ್ದ, ಅಗಲ, ಎತ್ತರ ಕೂಡಿ 160 ಸೆಂಟಿಮೀಟರ್ ದಾಟುವ ಪೆಟ್ಟಿಗೆ ಇದ್ದರೆ ಅದಕ್ಕೆ ಮೊದಲೇ ಜಾಗ ಕಾದಿರಿಸಬೇಕು, ಆ ತಾಪತ್ರಯವೂ ತಪ್ಪಿತು. ಸೀಟು ಮಾತ್ರ ಇ ಅಕ್ಷರದ್ದೇ ಕೇಳಿ. ಕ್ಯೋಟೋ ಕಡೆ ಹೋಗುವಾಗ ಫ್ಯೂಜಿ ಬೆಟ್ಟ ಬಲಗಡೆ ಬರುತ್ತದೆ, ಹೊರಟು ಮುಕ್ಕಾಲು ಗಂಟೆಯ ಹೊತ್ತಿಗೆ. ಮೋಡ ಇದ್ದರೆ ನಿಮ್ಮ ಹಣೆಬರಹ. ನಮಗೆ ಕಂಡಿತು. ಇವರು ಅದನ್ನು ಬಿಟ್ಟು ಪಕ್ಕದಲ್ಲಿ ಹಾದುಹೋದ ಇನ್ನೊಂದು ರೈಲಿನ ಮೂತಿ ನೋಡುತ್ತಿದ್ದರು!

ಈಗ ಊಟ. ನಾವಿಬ್ಬರೂ ಸಸ್ಯಾಹಾರಿಗಳು. ಜಪಾನಿನಲ್ಲಿ ಮಾಂಸ ಬೇಡ ಅಂದರೆ ಸಾಲದು, ಅಡಗಿರುವುದು ಮೀನು. ದಾಶಿ ಅಂತ ಒಂದು ಕಟ್ಟು ಇದೆ, ಒಣಗಿಸಿ ತೆಳ್ಳಗೆ ಹೆರೆದ ಮೀನು ಹಾಕಿ ತೆಗೆಯುವುದು. ಸಾರಿಗೂ ಅದೇ, ನೂಡಲ್ಸಿಗೂ ಅದೇ, ತರಕಾರಿ ಪಲ್ಯಕ್ಕೂ ಅದೇ. ಅದಕ್ಕೇ ಸುಮ್ನೆ ಹೋಟೆಲ್ ಹೋಟೆಲ್ ಸುತ್ತಿ ಕೇಳುವ ಗೋಜಿಗೆ ಹೋಗದೆ ರಾತ್ರಿ ಊಟ ರೂಮಿನಲ್ಲೇ ಅಂತ ಮೊದಲೇ ತೀರ್ಮಾನ ಮಾಡಿದ್ದೆವು. ಮೂಲೆಮೂಲೆಯಲ್ಲೂ ಇರುವ ಅಂಗಡಿಗಳಲ್ಲಿ ಪ್ಯಾಕೆಟ್ ಅನ್ನ ಸಿಗುತ್ತದೆ. ಎರಡು ನಿಮಿಷ ಮೈಕ್ರೋವೇವ್‌ನಲ್ಲಿಟ್ಟರೆ ಬಿಸಿಬಿಸಿ ಅನ್ನ. ಸಕ್ಕರೆ ಹಾಕದ ಗಟ್ಟಿ ಮೊಸರೂ ಡಬ್ಬಿಯಲ್ಲಿ ಸಿಗುತ್ತದೆ. ಅವರ ಅಂಟಂಟು ಅಕ್ಕಿಗೆ ಮೊಸರನ್ನ ಎಷ್ಟು ಚೆನ್ನಾಗಿ ಹೊಂದುತ್ತದೆ ಗೊತ್ತಾ? ಊರಿನಿಂದ ಒಯ್ದದ್ದು ಸೀಲ್ ಮಾಡಿದ ಪುಳಿಯೋಗರೆ ಗೊಜ್ಜು ಮತ್ತು ಚಟ್ನಿಪುಡಿ ಮಾತ್ರ.

ಹೊರಗೆ ತಿಂದದ್ದರಲ್ಲಿ ಎರಡು ಹೆಸರು ಹೇಳಬೇಕು. ಟೋಕಿಯೊ ಸ್ಟೇಷನ್ನಿನ ಟಿಕೆಟ್ ಗೇಟಿನ ಒಳಗೇ ಟೀಸ್ ತಾನ್‌ತಾನ್ ಅಂತ ಒಂದು ಅಂಗಡಿ ಇದೆ. ಎಲ್ಲವೂ ಸಸ್ಯಾಹಾರ, ಎಳ್ಳಿನ ಗಟ್ಟಿ ಸಾರಿನ ರಾಮೆನ್ ನೂಡಲ್ಸ್. ಕ್ಯೋಟೋದ ಅರಶಿಯಾಮಾದಲ್ಲಿ ತೆನ್ರ್ಯೂಜಿ ದೇವಸ್ಥಾನದವರ ಶಿಗೆತ್ಸು ಊಟದ ಮನೆ ಇನ್ನೊಂದು. ಬೌದ್ಧ ಸನ್ಯಾಸಿಗಳ ಅಡುಗೆ, ಚಿಕ್ಕ ಚಿಕ್ಕ ಬಟ್ಟಲಲ್ಲಿ ತೋಫು, ಗೆಡ್ಡೆ, ಸೊಪ್ಪು. ಬೆಲೆ ಕಡಿಮೆಯೇನಲ್ಲ. ಆದರೆ ಅನುಮಾನ ಇಲ್ಲದೆ ತಿಂದ ಊಟ ಅದು.

ಕ್ಯೋಟೋದಲ್ಲಿ ನಮ್ಮ ನಿಯಮ ಒಂದೇ. ಜನ ಮುಗಿಬೀಳುವ ಜಾಗಕ್ಕೆ ನಸುಕಿನಲ್ಲಿ, ಉಳಿದದ್ದಕ್ಕೆ ನಿಧಾನವಾಗಿ. ಫುಶಿಮಿ ಇನಾರಿ ದೇವಸ್ಥಾನದ ಬೆಟ್ಟಕ್ಕೆ ಬಾಗಿಲೂ ಇಲ್ಲ, ಟಿಕೆಟ್ಟೂ ಇಲ್ಲ, ದಿನದ 24 ಗಂಟೆಯೂ ತೆರೆದಿರುತ್ತದೆ. ಕ್ಯೋಟೋ ಸ್ಟೇಷನ್ನಿನಿಂದ ಎರಡನೇ ಸ್ಟಾಪು. ಸಾವಿರಾರು ಕಿತ್ತಳೆ ಬಣ್ಣದ ಕಮಾನುಗಳ ಸಾಲು, ನಡುವೆ ನಾವಿಬ್ಬರು ಮತ್ತು ಕೋಲು ಹಿಡಿದ ಒಬ್ಬ ಅಜ್ಜ. ಇಳಿದು ಬರುವಾಗ ಕಮಾನುಗಳ ಹಿಂಭಾಗ ನೋಡಿ. ಕೊಡಿಸಿದವರ ಹೆಸರು, ತಾರೀಖು ಕೆತ್ತಿರುತ್ತಾರೆ. ಹೆಚ್ಚಿನವು ಕಂಪನಿಗಳವು, ವ್ಯಾಪಾರ ಚೆನ್ನಾಗಿ ಆಗಲಿ ಅಂತ ಹರಕೆ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಸಂಜೂಸಂಗೆನ್‌ದೋ. 1164ರಲ್ಲಿ ಕಟ್ಟಿ, ಸುಟ್ಟುಹೋದ ಮೇಲೆ 1266ರಲ್ಲಿ ಮತ್ತೆ ಕಟ್ಟಿದ ಮರದ ಮಂಟಪ, ಉದ್ದವೇ ಸುಮಾರು 120 ಮೀಟರ್. ಒಳಗೆ ಸಾವಿರದ ಒಂದು ಸಹಸ್ರಭುಜ ಕನ್ನೋನ್ ವಿಗ್ರಹಗಳು, ಕನ್ನೋನ್ ಅಂದರೆ ನಮ್ಮ ಅವಲೋಕಿತೇಶ್ವರ ಬೋಧಿಸತ್ವ. ಅವುಗಳ ಮುಂದೆ ಕಾವಲಿಗೆ 28 ದೇವತೆಗಳು. ಒಬ್ಬೊಬ್ಬರನ್ನೇ ನೋಡುತ್ತಾ ಹೋದರೆ ಬ್ರಹ್ಮ, ಇಂದ್ರ, ಕೊಕ್ಕಿನ ಮೂತಿಯಲ್ಲಿ ಕೊಳಲು ಊದುವ ಗರುಡ, ಕೋಲೂರಿ ನಿಂತ ಎಲುಬಿನ ಹಂದರದಂಥ ಮುದಿ ಋಷಿ! "ರೀ, ನಮ್ಮವರೆಲ್ಲ ಇಲ್ಲೇ ಇದ್ದಾರೆ ನೋಡ್ರೀ" ಅಂದೆ. ಫೋಟೋ ತೆಗೆಯುವ ಹಾಗಿಲ್ಲ. ಒಳ್ಳೆಯದೇ ಆಯಿತು, ಎಲ್ಲರೂ ಕಣ್ಣಲ್ಲೇ ನೋಡುತ್ತಾರೆ.

ಇದೇ ಗುಂಗಿನಲ್ಲಿ ಮಾರನೇ ದಿನ ನಾರಾ. ಕ್ಯೋಟೋದಿಂದ ಮುಕ್ಕಾಲು ಗಂಟೆ. ಜನ ಅಲ್ಲಿಗೆ ಜಿಂಕೆ ನೋಡಲು ಹೋಗುತ್ತಾರೆ. ಜಿಂಕೆಗಳು ತಲೆಬಾಗಿ ಬಿಸ್ಕತ್ತು ಕೇಳುತ್ತವೆ ನಿಜ, ಕೊಡುವುದು ತಡವಾದರೆ ಸೆರಗೂ ಎಳೆಯುತ್ತವೆ. ಆದರೆ ತೋದೈಜಿ ದೇವಸ್ಥಾನದ ಮಹಾಬುದ್ಧನ ಕತೆ ತಿಳಿದು ಹೋಗಿ. ಸುಮಾರು 15 ಮೀಟರ್ ಎತ್ತರದ ಆ ಕಂಚಿನ ವಿಗ್ರಹಕ್ಕೆ 752ರಲ್ಲಿ ಕಣ್ಣು ಬರೆದವನು ನಮ್ಮ ದೇಶದಿಂದ ಹೋದ ಬೋಧಿಸೇನ ಎಂಬ ಭಿಕ್ಷು. ಅವನ ಕುಂಚಕ್ಕೆ ಉದ್ದನೆಯ ದಾರ ಕಟ್ಟಿ, ನೆರೆದವರು ಅದನ್ನು ಹಿಡಿದು ನಿಂತಿದ್ದರಂತೆ. ಕಣ್ಣು ಬರೆದ ಪುಣ್ಯ ಎಲ್ಲರಿಗೂ ಸಲ್ಲಲಿ ಅಂತ. ಆ ಕುಂಚ, ಆ ದಾರ ಇವತ್ತಿಗೂ ಅಲ್ಲಿನ ಶೋಸೋಇನ್ ಭಂಡಾರದಲ್ಲಿವೆ. ಈಗಿನ ಮಂಟಪ 1709ರದ್ದು, ಮೊದಲಿದ್ದದ್ದು ಇದಕ್ಕಿಂತಲೂ ಅಗಲವಾಗಿತ್ತು. ನಾನು ಅಲ್ಲಿ ಎಷ್ಟು ಹೊತ್ತು ನಿಂತೆನೋ, ಇವರು ಎರಡು ಸಲ ಹೊರಗೆ ಹೋಗಿ ಬಂದರು.

ಹೀಗಾಗುತ್ತದೆ ಅಂತಲೇ ಕ್ಯೋಟೋದಲ್ಲಿ ಒಂದು ದಿನ ಬೇರೆ ಬೇರೆ ತಿರುಗಿದೆವು. ಜೋಡಿಯಾಗಿ ಹೋದವರು ಇದನ್ನು ಮಾಡಲೇಬೇಕು ಅನ್ನುವುದು ನನ್ನ ಅಭಿಪ್ರಾಯ. ಇವರು 2016ರಲ್ಲಿ ತೆರೆದ ರೈಲ್ವೆ ಮ್ಯೂಸಿಯಮ್ಮಿಗೆ ಹೋದರು. ಅಲ್ಲಿ ಉಗಿ ಎಂಜಿನ್‌ಗಳನ್ನು ನಿಲ್ಲಿಸುವ ಬೀಸಣಿಗೆಯಾಕಾರದ ಹಳೇ ಶೆಡ್ ಇದೆ. ನಾನು ರೇಷ್ಮೆ ನೇಯುವ ನಿಶಿಜಿನ್ ಬಡಾವಣೆಗೆ. ಬೆಂಗಳೂರಿನ ಬಸವನಗುಡಿಯಲ್ಲಿ ಟಾಟಾ ಸಿಲ್ಕ್ ಫಾರಂ ಅನ್ನುವ ಜಾಗ ಇದೆಯಲ್ಲ, 19ನೇ ಶತಮಾನದ ಕೊನೆಯಲ್ಲಿ ಜೆ.ಎನ್. ಟಾಟಾ ಜಪಾನಿನ ಪರಿಣತರನ್ನು ಕರೆಸಿ ಮಾಡಿದ್ದು ಅದು. ಮೈಸೂರು ರೇಷ್ಮೆ ಉಟ್ಟು ಬೆಳೆದವಳಿಗೆ ಆ ನಂಟು ನೆನಪಾಗದೆ ಇರುತ್ತದಾ? ಕಿಮೋನೋ ಮೇಲೆ ಕಟ್ಟುವ ಸೊಂಟಪಟ್ಟಿಯ ಬೆಲೆ ಕೇಳಿ, ಕೈ ಹಿಂದಕ್ಕೆ ಕಟ್ಟಿಕೊಂಡು ನೋಡಿದೆ. ಸಂಜೆ ಇಬ್ಬರಿಗೂ ಹೇಳಲು ಏನಾದರೂ ಇತ್ತು.

ಹಿರೋಶಿಮಾಗೆ ಹೋಗುವ ದಾರಿಯಲ್ಲಿ ಹಿಮೇಜಿಯಲ್ಲಿ ಇಳಿದೆವು. ಟಿಕೆಟ್ಟು ಸ್ವಲ್ಪ ಹೆಚ್ಚಾದರೂ ಪರವಾಗಿಲ್ಲ. ಚೀಲ ಸ್ಟೇಷನ್ನಿನ ಲಾಕರಿನಲ್ಲಿಟ್ಟು ನೇರ ನಡೆದರೆ ಕೋಟೆ ಎದುರಿಗೇ. 1609ರ ಮರದ ಕೋಟೆ, ಸುಡಲಿಲ್ಲ, ಬೀಳಲಿಲ್ಲ. ಚಪ್ಪಲಿ ಚೀಲಕ್ಕೆ ಹಾಕಿಕೊಂಡು ಏಣಿಯಂಥ ಮೆಟ್ಟಿಲು ಹತ್ತಬೇಕು, ಮಂಡಿನೋವಿದ್ದರೆ ಕಷ್ಟ. ಒಸಾಕಾ ಕೋಟೆ 1931ರಲ್ಲಿ ಕಾಂಕ್ರೀಟಿನಲ್ಲಿ ಕಟ್ಟಿದ್ದು, ಒಳಗೆ ಲಿಫ್ಟ್ ಇದೆ. ಎರಡರಲ್ಲಿ ಒಂದು ಅಂದರೆ ಹಿಮೇಜಿಯೇ.

ಹಿರೋಶಿಮಾದ ಮ್ಯೂಸಿಯಮ್ಮಿಗೂ ಬೆಳಗ್ಗೆಯೇ ಹೋಗಿ. 1945ರ ಆಗಸ್ಟ್ 6, ಬೆಳಗ್ಗೆ 8.15. ಮೂರು ವರ್ಷದ ಮಗುವಿನ ಸುಟ್ಟ ಸೈಕಲ್ ಅಲ್ಲಿದೆ. ಒಂದು ಬ್ಯಾಂಕಿನ ಕಲ್ಲಿನ ಮೆಟ್ಟಿಲಿದೆ. ಬ್ಯಾಂಕ್ ತೆರೆಯಲಿ ಅಂತ ಕಾದು ಕೂತಿದ್ದವರು ಯಾರೋ, ಅವರಿದ್ದ ಜಾಗ ಮಾತ್ರ ಕಲ್ಲಿನ ಮೇಲೆ ಕಪ್ಪಗೆ ಉಳಿದಿದೆ. ಇವರು ಅದರ ಮುಂದಿನಿಂದ ಕದಲಲೇ ಇಲ್ಲ. ಎಷ್ಟೋ ವರ್ಷ ಬೆಳಗ್ಗೆ ಬಾಗಿಲಲ್ಲಿ ಕಾಯುತ್ತಿದ್ದ ಜನರನ್ನು ನೋಡಿದವರು. ಹೊರಗೆ ಬಂದು ಟ್ರಾಮ್ ಹತ್ತಿದೆವು. ಬಾಂಬ್ ಬಿದ್ದ ಮೂರೇ ದಿನಕ್ಕೆ ಆ ಊರಿನ ಒಂದು ಭಾಗದಲ್ಲಿ ಟ್ರಾಮ್ ಮತ್ತೆ ಓಡಿತ್ತು. ಅವತ್ತು ಉಳಿದ ಕೆಲವು ಟ್ರಾಮ್ ಈಗಲೂ ಇವೆ. ಅದೇ ದಿನ ಇನ್ನೇನನ್ನೂ ಇಟ್ಟುಕೊಳ್ಳಬೇಡಿ. ದೋಣಿಯಲ್ಲಿ ಮಿಯಾಜಿಮಾ ದ್ವೀಪಕ್ಕೆ ಹೋಗುವುದು ಮಾರನೇ ದಿನಕ್ಕಿರಲಿ. ಅಲ್ಲಿ ಸಮುದ್ರದೊಳಗೇ ನಿಂತಿರುವ ದೇವಸ್ಥಾನದ ಕಮಾನಿನ ಬುಡದವರೆಗೆ ನಡೆದು ಹೋಗಬೇಕಾದರೆ ಇಳಿತದ ಹೊತ್ತು ನೋಡಿಕೊಂಡು ಹೊರಡಿ.

ಚಿಲ್ಲರೆ ವಿಷಯ ಒಂದೆರಡು. ಟೋಕಿಯೊದಲ್ಲಿ ಎಸ್ಕಲೇಟರಿನ ಎಡಕ್ಕೆ ನಿಲ್ಲುತ್ತಾರೆ, ಒಸಾಕಾದಲ್ಲಿ ಬಲಕ್ಕೆ. ರಸ್ತೆಯಲ್ಲಿ ಕಸದ ಬುಟ್ಟಿ ಸಿಗುವುದು ಅಪರೂಪ, ಒಂದು ಖಾಲಿ ಕವರ್ ಜೊತೆಗಿರಲಿ. ಏಪ್ರಿಲ್ ಕೊನೆಯಿಂದ ಮೇ ಮೊದಲ ವಾರ ಅವರಿಗೆ ಸಾಲು ರಜೆ, ಆಗ ಹೋಗಲೇಬೇಡಿ. ನಾವು ಹೋದದ್ದು ನವೆಂಬರ್ ಕೊನೆಗೆ, ಮರಗಳೆಲ್ಲ ಕೆಂಪಾಗಿದ್ದವು.

ಈಗ ಕನಜಾವಾಗೆ ಹೋಗುವ ಮಾತು ನಡೆಯುತ್ತಿದೆ. ಬುಲೆಟ್ ರೈಲು ಅಲ್ಲಿಗೆ 2015ರಲ್ಲೇ ತಲುಪಿತ್ತು, 2024ರಲ್ಲಿ ತ್ಸುರುಗಾವರೆಗೂ ಹೋಯಿತು. ಆ ಹೊಸ ಹಳಿಯ ಮೇಲೆ ಕೂರಬೇಕು ಅನ್ನುವುದು ಇವರ ಆಸೆ. ನನಗೆ ಕೆನ್‌ರೊಕುಎನ್ ತೋಟದಲ್ಲಿ ಹಿಮದ ಭಾರಕ್ಕೆ ಕೊಂಬೆ ಮುರಿಯದ ಹಾಗೆ ಮರಗಳಿಗೆ ಹಗ್ಗ ಕಟ್ಟಿರುವುದನ್ನು ನೋಡಬೇಕು. ಫೆಬ್ರವರಿ ಚಳಿಗೆ ನಾನು ಬರಲ್ಲ ಅನ್ನುತ್ತಿದ್ದಾರೆ.