ಮ್ಯೂಆನ್ ಹಿಡಿದು ಕಾಲ ಹಿಗ್ಗುವುದನ್ನು ನಾನೇ ಅಳೆದಿದ್ದು

ವೇಗ ಜಾಸ್ತಿಯಾದಷ್ಟೂ ಗಡಿಯಾರ ನಿಧಾನವಾಗುತ್ತದೆ, ಅಂದರೆ ಕಾಲ ಹಿಗ್ಗುತ್ತದೆ ಅನ್ನೋದು ಐನ್‌ಸ್ಟೈನ್‌ರ ಸಾಪೇಕ್ಷತೆ ಓದಿದವರಿಗೆಲ್ಲ ಗೊತ್ತು. ನನಗೆ ಸೂತ್ರವೊಂದೇ ಸಾಲಲಿಲ್ಲ, ಸಂಖ್ಯೆ ನನ್ನ ಕೈಯಿಂದಲೇ ಬರಬೇಕಿತ್ತು. ಪರಮಾಣು ಗಡಿಯಾರ ಎಲ್ಲರಿಗೂ ಸಿಗುವಂಥದ್ದಲ್ಲ. ಮ್ಯೂಆನ್ ಸಿಗುತ್ತದೆ. ಬಾಹ್ಯಾಕಾಶದಿಂದ ಬರುವ ವಿಶ್ವಕಿರಣಗಳು ಸುಮಾರು 15 ಕಿ.ಮೀ. ಎತ್ತರದಲ್ಲಿ ಗಾಳಿಗೆ ಬಡಿದಾಗ ಹುಟ್ಟುವ ಕಣ ಇದು. ಅಂಗೈ ಚಾಚಿದರೆ ಸಾಕು, ಸೆಕೆಂಡಿಗೆ ಒಂದರ ಲೆಕ್ಕದಲ್ಲಿ ಹಾದುಹೋಗುತ್ತಲೇ ಇರುತ್ತವೆ.

ಸಲಕರಣೆ ದೊಡ್ಡದೇನಲ್ಲ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್‌ನ ದಪ್ಪ ತುಂಡು, ಆ ಮಿನುಗನ್ನು ವಿದ್ಯುತ್ತಾಗಿಸುವ ಫೋಟೋಮಲ್ಟಿಪ್ಲೈಯರ್ ಟ್ಯೂಬ್, ಅದಕ್ಕೆ ಸಾವಿರ ವೋಲ್ಟ್ ಆಸುಪಾಸಿನ ಸಪ್ಲೈ, ಕೊನೆಗೆ ಸಮಯ ಅಳೆಯುವ ಸರ್ಕಿಟ್. ಹೆಚ್ಚು ಹೊತ್ತು ತಿನ್ನುವುದು ಟೇಪ್ ಸುತ್ತುವ ಕೆಲಸವೇ. ಪ್ಲಾಸ್ಟಿಕ್‌ಗೆ ಮೊದಲು ಅಲ್ಯೂಮಿನಿಯಂ ಹಾಳೆ, ಅದರ ಮೇಲೆ ಕಪ್ಪು ಟೇಪ್, ಮೂಲೆಗಳಿಗೆ ಮತ್ತೊಂದು ಸುತ್ತು. ಆಮೇಲೆ ಕತ್ತಲೆ ಕೋಣೆಯಲ್ಲಿ ವೋಲ್ಟೇಜ್ ಸ್ವಲ್ಪ ಸ್ವಲ್ಪವೇ ಏರಿಸಿ, ಸಣ್ಣ ಟಾರ್ಚ್ ಬೆಳಕನ್ನು ಅಂಚುಗಳ ಉದ್ದಕ್ಕೂ ಹಾಯಿಸಿ ಎಣಿಕೆ ಏರುತ್ತದಾ ನೋಡಬೇಕು. ಒಂದು ಕಡೆ ಏರಿದರೂ ಅಲ್ಲಿ ಬೆಳಕು ನುಸುಳುತ್ತಿದೆ ಅಂತಲೇ ಅರ್ಥ. ಈ ಹಂತದಲ್ಲಿ ಅವಸರ ಬೇಡ, ಜಾಸ್ತಿ ಬೆಳಕು ಬಿದ್ದರೆ ಟ್ಯೂಬೇ ಹಾಳಾಗುತ್ತದೆ.

ಹೆಚ್ಚಿನ ಮ್ಯೂಆನ್‌ಗಳು ಒಮ್ಮೆ ಮಿನುಗಿಸಿ ಆಚೆ ಹೋಗಿಬಿಡುತ್ತವೆ. ನಮಗೆ ಬೇಕಿರುವುದು ಶಕ್ತಿ ಕಳೆದುಕೊಂಡು ಪ್ಲಾಸ್ಟಿಕ್ ಒಳಗೇ ನಿಂತುಬಿಡುವ ಕೆಲವೇ ಕೆಲವು. ನಿಂತಾಗ ಒಂದು ಮಿನುಗು. ಸ್ವಲ್ಪ ಹೊತ್ತಿಗೆ ಅದು ಒಡೆದು ಎಲೆಕ್ಟ್ರಾನ್ ಹೊರಬಿದ್ದಾಗ ಇನ್ನೊಂದು. ಈ ಎರಡರ ನಡುವಿನ ಅಂತರವೇ ನಾವು ಅಳೆಯುವ ಸಮಯ.

ಒಂದು ಕಣ ಅರ್ಧ ಮೈಕ್ರೋಸೆಕೆಂಡ್‌ನಲ್ಲಿ ಒಡೆಯುತ್ತದೆ, ಇನ್ನೊಂದು ಆರು ಮೈಕ್ರೋಸೆಕೆಂಡ್ ಉಳಿಯುತ್ತದೆ, ಹಾಗಾಗಿ ಬಿಡಿ ಕಣ ನೋಡಿ ಏನೂ ಹೇಳೋಕಾಗಲ್ಲ. ಸಾವಿರಾರು ಸೇರಿದ ಮೇಲೆ ಎಷ್ಟು ಸಮಯಕ್ಕೆ ಎಷ್ಟು ಕಣ ಒಡೆದವು ಅಂತ ಗ್ರಾಫ್‌ಗೆ ಹಾಕಿ, ಲಂಬ ಅಕ್ಷವನ್ನು ಲಾಗರಿದಮ್ ಮಾಡಿದೆ. ಚುಕ್ಕೆಗಳು ಒಂದು ಇಳಿಜಾರು ಗೆರೆಯ ಮೇಲೆ ಬಂದು ಕೂತವು. ಅದನ್ನು ನೋಡಿದಾಗ ಆದ ಸಂತೋಷ ಹೇಳತೀರದು! ಬಲತುದಿಯಲ್ಲಿ ಗೆರೆ ಸಪಾಟಾಗುತ್ತದೆ. ಅದು ಸಂಬಂಧವೇ ಇಲ್ಲದ ಎರಡು ಕಣಗಳು ಆಕಸ್ಮಿಕವಾಗಿ ಜೋಡಿಯಾಗಿದ್ದು, ಕಳೆಯಲೇಬೇಕು, ಇಲ್ಲದಿದ್ದರೆ ಆಯಸ್ಸು ಸುಮ್ನೆ ಜಾಸ್ತಿ ಕಾಣುತ್ತದೆ. ಶುರುವಿನ ಒಂದಷ್ಟು ನ್ಯಾನೋಸೆಕೆಂಡ್‌ಗಳನ್ನೂ ಬಿಟ್ಟೆ, ಅಲ್ಲಿ ಟ್ಯೂಬಿನದೇ ಸುಳ್ಳು ಮಿಡಿತಗಳು ಸೇರಿರುತ್ತವೆ.

ಬಂದ ಸರಾಸರಿ ಆಯಸ್ಸು 2.1 ಮೈಕ್ರೋಸೆಕೆಂಡ್ ಆಸುಪಾಸು. ಪುಸ್ತಕದಲ್ಲಿರುವುದು 2.197. ಕಡಿಮೆ ಬರಲು ಕಾರಣ ಇದೆ: ಋಣ ವಿದ್ಯುದಾವೇಶದ ಮ್ಯೂಆನ್‌ಗಳಲ್ಲಿ ಕೆಲವನ್ನು ಪ್ಲಾಸ್ಟಿಕ್‌ನಲ್ಲಿರುವ ಇಂಗಾಲದ ನ್ಯೂಕ್ಲಿಯಸ್ ಮೊದಲೇ ನುಂಗಿಬಿಡುತ್ತದೆ.

ಇದು ನಿಂತ ಮ್ಯೂಆನ್‌ನ ಆಯಸ್ಸು ಅನ್ನೋದನ್ನು ಮರೆಯಬಾರದು. ಇಡೀ ವಾದ ನಿಂತಿರುವುದೇ ಇದರ ಮೇಲೆ. ಬೆಳಕಿನ ವೇಗದಲ್ಲೇ ಓಡಿದರೂ 2.2 ಮೈಕ್ರೋಸೆಕೆಂಡ್‌ನಲ್ಲಿ ಸಾಗುವುದು ಸುಮಾರು 660 ಮೀಟರ್. 15 ಕಿ.ಮೀ. ಇಳಿಯಲು 50 ಮೈಕ್ರೋಸೆಕೆಂಡ್ ಬೇಕು. ಕಾಲ ಹಿಗ್ಗದಿದ್ದರೆ ನೂರು ಕೋಟಿಯಲ್ಲಿ ಒಂದು ಕೂಡ ನೆಲ ಮುಟ್ಟುವುದು ಕಷ್ಟ. ಲೆಕ್ಕವನ್ನು ತಿರುಗಿಸಿ ನೋಡಿದರೆ ಇನ್ನೂ ಚೆನ್ನಾಗಿ ಅರ್ಥವಾಗುತ್ತದೆ. ನೆಲದಲ್ಲಿ ಚದರ ಸೆಂಟಿಮೀಟರ್‌ಗೆ ನಿಮಿಷಕ್ಕೆ ಒಂದು ಬರುತ್ತಿದೆ ಅಂದರೆ, ವಿಮಾನ ಹಾರುವ 10 ಕಿ.ಮೀ. ಎತ್ತರದಲ್ಲಿ ಅಷ್ಟೇ ಜಾಗಕ್ಕೆ ನಿಮಿಷಕ್ಕೆ 35 ಲಕ್ಷಕ್ಕೂ ಹೆಚ್ಚು ಇರಬೇಕಾಗುತ್ತದೆ. ಅಂಥದ್ದೇನೂ ಅಲ್ಲಿಲ್ಲ. ಹಾಗಾದರೆ ಅವುಗಳ ಗಡಿಯಾರ ನಿಧಾನವಾಗಿರಲೇಬೇಕು, ಅಲ್ವಾ?

ಎಷ್ಟು ನಿಧಾನ? ಸಮುದ್ರ ಮಟ್ಟದಲ್ಲಿ ಮ್ಯೂಆನ್‌ನ ಸರಾಸರಿ ಶಕ್ತಿ ಸುಮಾರು 4 ಜಿಇವಿ (ಕಣಗಳ ಶಕ್ತಿ ಅಳೆಯುವ ಮಾನ), ನಿಂತಾಗ ಅದರ ದ್ರವ್ಯರಾಶಿಯಲ್ಲೇ ಅಡಗಿರುವ ಶಕ್ತಿ 0.106 ಜಿಇವಿ. ಭಾಗಿಸಿದರೆ 38, ಗಡಿಯಾರ ನಿಧಾನವಾಗುವುದೂ ಅಷ್ಟೇ ಪಟ್ಟು. ಅಂದರೆ ನಮ್ಮ ಗಡಿಯಾರದಲ್ಲಿ ಅದರ ಆಯಸ್ಸು 83 ಮೈಕ್ರೋಸೆಕೆಂಡ್, ದಾರಿಗೆ ಬೇಕಾದ 50 ಕ್ಕಿಂತ ಜಾಸ್ತಿಯೇ. ಗಾಳಿಯಲ್ಲಿ ಇಳಿಯುವಾಗ 2 ಜಿಇವಿ ಕಳೆದುಕೊಳ್ಳುವುದರಿಂದ ಇದು ಒರಟು ಲೆಕ್ಕ. ಮ್ಯೂಆನ್ ಕಡೆಯಿಂದ ನೋಡಿದರೆ ಅದರ ಗಡಿಯಾರ ಸರಿಯಾಗಿಯೇ ಓಡುತ್ತಿದೆ, ವಾತಾವರಣವೇ ಕುಗ್ಗಿ 400 ಮೀಟರ್ ಆಗಿದೆ.

ಈ ಅಳತೆಯನ್ನು ಅಚ್ಚುಕಟ್ಟಾಗಿ ಮಾಡಿದವರೆಂದರೆ ಭೌತವಿಜ್ಞಾನಿಗಳಾದ ಫ್ರಿಶ್ ಮತ್ತು ಸ್ಮಿತ್. 1963 ರಲ್ಲಿ ಪ್ರಕಟವಾದ ಅವರ ಪ್ರಯೋಗದಲ್ಲಿ ಅಮೆರಿಕದ ಮೌಂಟ್ ವಾಷಿಂಗ್ಟನ್ ಬೆಟ್ಟದ ಮೇಲೆ ಗಂಟೆಗೆ ಸುಮಾರು 560 ಮ್ಯೂಆನ್ ಸಿಕ್ಕರೆ, ಸಮುದ್ರ ಮಟ್ಟದಲ್ಲಿ 410 ರಷ್ಟು ಸಿಕ್ಕವು. ಕಾಲ ಹಿಗ್ಗದಿದ್ದರೆ 30 ರ ಆಸುಪಾಸು ಸಿಗಬೇಕಿತ್ತು. ಬೆಟ್ಟದ ಮೇಲೆ ಕಬ್ಬಿಣದ ದಪ್ಪ ಪದರ ಇಟ್ಟು, ಎರಡೂ ಕಡೆ ಒಂದೇ ವೇಗದ ಗುಂಪನ್ನು ಆರಿಸಿಕೊಂಡಿದ್ದೇ ಅವರ ಜಾಣತನ.

ನೀವೂ ಎತ್ತರಕ್ಕೆ ಒಯ್ದು ಎಣಿಸುವುದಾದರೆ ಪ್ರತಿ ಸಲವೂ ಗಾಳಿಯ ಒತ್ತಡ ಬರೆದಿಟ್ಟುಕೊಳ್ಳಿ. ಒತ್ತಡ ಏರಿದರೆ ಎಣಿಕೆ ತುಸು ಇಳಿಯುತ್ತದೆ, ಅದಕ್ಕೂ ಕಾಲ ಹಿಗ್ಗುವುದಕ್ಕೂ ಸಂಬಂಧವಿಲ್ಲ.