ಗುಳೆ ಹೋದ ಪೇಷಂಟು, ಜಿನೀವಾದ ಗೈಡ್‌ಲೈನು, ನಡುವ ನಾನು

ನಿಂದು ಕೆಲಸ ಏನಪ್ಪ ಅಂತ ಮದುವ್ಯಾಗ ಯಾರರ ಕೇಳಿದ್ರ "ಟಿಬಿದಾಗ ಇದ್ದೀನಿ" ಅಂತೀನಿ, ಅಷ್ಟಕ್ಕ ಬಾಜು ಕುರ್ಚಿಯವ್ರು ಜರಾ ಸರದು ಕೂಡ್ತಾರ. ಹುದ್ದೆ ಹೆಸರು ಎಸ್‌ಟಿಎಸ್, ಸೀನಿಯರ್ ಟ್ರೀಟ್‌ಮೆಂಟ್ ಸೂಪರ್‌ವೈಸರ್ ಅಂತ ಹೇಳ್ಕೋಬಹುದು, ಕೇಳ್ಲಾಕ ದೊಡ್ಡದು ಆದ್ರ ಕಾಂಟ್ರ್ಯಾಕ್ಟ್ ನೌಕರಿ, ಒಂದು ಬೈಕು ಒಂದು ಟ್ಯಾಬು, ಯಾದಗಿರಿ ಜಿಲ್ಲಾದ ಹಳ್ಳಿ ತಾಂಡಾ ತಿರುಗಾಡಿ ಪೇಷಂಟು ಗುಳಿಗಿ ನುಂಗ್ಲಕತ್ತಾನೋ ಇಲ್ಲೋ ನೋಡಾದು. ಹದಿನೈದು ವರ್ಷದ ಮ್ಯಾಲಾತು.

ನಮ್ಮ ಕಡಿ ತೊಗರಿ ರಾಶಿ ಮುಗೀತಂದ್ರ ಊರು ಖಾಲಿ. ಮುದುಕ್ರು, ಸಾಲಿ ಹುಡುಗ್ರು, ನಾಯಿ, ಇಷ್ಟೇ ಉಳಿಯಾದು. ಯಾದಗಿರಿ ಸ್ಟೇಷನ್‌ದಾಗ ಉದ್ಯಾನ್ ಎಕ್ಸ್‌ಪ್ರೆಸ್ ನಿಲ್ತದ, ಆ ಕಡಿ ಹೋಗೋ ಗಾಡಿ ಹತ್ತಿದ್ರ ಪುಣೆ ಮುಂಬೈ, ಈ ಕಡಿ ಹೋಗೋದು ಹತ್ತಿದ್ರ ಬೆಂಗಳೂರು, ಜನರಲ್ ಡಬ್ಬಿಯಾಗ ಬುತ್ತಿ ರೊಟ್ಟಿ ಕಟ್ಕೊಂಡು ಮಕ್ಕಳು ಮರಿ ಸಮೇತ ಹೋಗ್ತಾರ. ಈಗ ಟಿಬಿ ಟ್ರೀಟ್‌ಮೆಂಟ್ ನೋಡ್ರಿ, ಕಮ್ಮಿ ಅಂದ್ರ ಆರು ತಿಂಗಳು, ಮೊದ್ಲ ಎರಡು ತಿಂಗಳು ನಾಕು ಔಷಧ, ಆಮ್ಯಾಲ ನಾಕು ತಿಂಗಳು ಮೂರು ಔಷಧ, ಒಂದಿನ ಬಿಡೋ ಹಾಗಿಲ್ಲ. ಗುಳೆ ಇದರ ನಡುಕ್ಕ ಬರ್ತದ. ಮ್ಯಾಲಿಂದ ಬರೋ ಪ್ರತಿ ಆದೇಶದಾಗೂ ಪೇಷಂಟ್ ಅಂದ್ರ ಒಂದು ಮನಿ, ಒಂದು ವಿಳಾಸ, ಒಂದು ಪಿಎಚ್‌ಸಿ ಅಂತ ಇರ್ತದ. ನಮ್ಮ ಪೇಷಂಟಿಗೆ ವಿಳಾಸ ಮೂರು, ಅದರಾಗ ಎರಡು ತಗಡಿನ ಶೆಡ್ಡು, ಬಿಲ್ಡಿಂಗ್ ಮುಗೀತಂದ್ರ ಶೆಡ್ಡೂ ಇರಂಗಿಲ್ಲ.

ಆದೇಶ ಬರೋ ದಾರಿನೂ ಹೇಳ್ತೀನಿ. ಜಿನೀವಾದಾಗ ಡಬ್ಲ್ಯುಎಚ್‌ಒ ಗೈಡ್‌ಲೈನ್ ಮಾಡ್ತದ, ಒಂದೆರಡು ವರ್ಷಕ್ಕ ದಿಲ್ಲಿದಾಗ ನಮ್ಮ ದೇಶದ ಗೈಡ್‌ಲೈನ್ ಆಗ್ತದ, ಬೆಂಗಳೂರಿನ್ಯಾಗ ಟ್ರೇನಿಂಗ್, ಕಡೀಕ್ಕ ನನ್ನ ವಾಟ್ಸಪ್ಪಿಗೆ ಇಂಗ್ಲಿಷ್‌ದಾಗ ನೂರು ಪೇಜಿನ ಪಿಡಿಎಫ್. ಶುರುವಿಗೆ ನನಗೂ ಸಿಟ್ಟು ಬರ್ತಿತ್ತು, ಎಲ್ಲೋ ಸ್ವಿಟ್ಜರ್ಲೆಂಡ್‌ದಾಗ ಕುಂತವ್ರಿಗೆ ನಮ್ಮ ತಾಂಡಾದ ಸುದ್ದಿ ಏನು ಗೊತ್ತು ಅಂತ. 1993ರಾಗ ಅವ್ರು ಟಿಬಿ ಜಾಗತಿಕ ತುರ್ತು ಅಂತ ಸಾರಿದ್ರು, 1997ರಿಂದ ವಿಶ್ವಬ್ಯಾಂಕಿನ ಸಾಲ ತಗೊಂಡು ನಮ್ಮ ದೇಶದಾಗ ಡಾಟ್ಸ್ ಶುರುವಾತು, ಕಣ್ಣೆದುರಿಗೆ ಗುಳಿಗಿ ನುಂಗಿಸಾದು. ಆದ್ರ ಬೆಂಗಳೂರಿಗೆ ಒಂದು ಟ್ರೇನಿಂಗಿಗೆ ಹೋದಾಗ ಒಬ್ರು ಹಿರಿ ಡಾಕ್ಟರು ನನ್ನ ಬಾಯಿ ಮುಚ್ಚಿಸಿದ್ರು. ಟಿಬಿ ಆದವ್ರನ್ನ ಸ್ಯಾನಿಟೋರಿಯಂದಾಗ ವರ್ಷಗಟ್ಟಲೆ ಇಡಬೇಕಿಲ್ಲ, ಮನ್ಯಾಗ ಇದ್ದೇ ಗುಳಿಗಿ ತಗೊಂಡ್ರೂ ಅಷ್ಟೇ ಗುಣ ಆಗ್ತದ, ಮನಿಯವ್ರಿಗೆ ಅದರಿಂದ ಹೆಚ್ಚಿನ ಅಪಾಯ ಇಲ್ಲ ಅಂತ ಜಗತ್ತಿಗೆ ತೋರಿಸಿಕೊಟ್ಟಿದ್ದು ಮದ್ರಾಸು. 1956ರಾಗ ಶುರುವಾದ ಆ ಅಭ್ಯಾಸ ನಡದಿದ್ದು ಬಡವರ ಗುಡಿಸಲದಾಗ. ನಮ್ಮ ರಾಷ್ಟ್ರೀಯ ಟಿಬಿ ಸಂಸ್ಥೆ 1959ರಾಗ ಬಂದಿದ್ದು ಬೆಂಗಳೂರಿನ ಬಳ್ಳಾರಿ ರೋಡಿಗೆ. ಅಂದ್ರ ನಮ್ಮ ಕಡಿಂದ ಹೋದ ಮಾತೇ ಜಿನೀವಾ ಸುತ್ತಿ ತಿರುಗಿ ನಮಗ ಬಂದದ, ಬರುವಾಗ ದಾರ್‍ಯಾಗ ಇಂಗ್ಲಿಷ್ ಆಗ್ಯದ ಅಷ್ಟೇ.

ಸರಿ, ನಾ ಏನು ಮಾಡಿದೆ ಅಂದ್ರ. ಮೊದ್ಲ ದಿನ ಎಲ್ಲರೂ ಕೇಳೋದು ವಿಳಾಸ, ಆಧಾರು, ಬ್ಯಾಂಕ್ ಪಾಸ್‌ಬುಕ್. ನಾ ಮೊದ್ಲು ಕೇಳೋದು "ದುಡ್ಯಾಕ ಎಲ್ಲಿ ಹೋಗ್ತಿ, ಯಾವಾಗ ಹೋಗ್ತಿ, ಯಾರ ಕೈಕೆಳಗ". ಆಮ್ಯಾಲ ಮುಕಾದಮ್‌ನ, ಅಂದ್ರ ಕೂಲಿಗೆ ಮಂದಿ ಕರ್ಕೊಂಡು ಹೋಗೋ ಮೇಸ್ತ್ರಿ, ಅವನ ನಂಬರ್. ಇದು ಎಲ್ಲಕ್ಕಿಂತ ದೊಡ್ಡ ದಾಖಲೆ ನೋಡ್ರಿ, ಯಾಕಂದ್ರ ಪೇಷಂಟಿನ ಸಿಮ್ ಮೂರು ತಿಂಗಳಿಗೊಮ್ಮೆ ಬದಲಾಗ್ತದ, ಮುಕಾದಮ್‌ದು ಬದಲಾಗಂಗಿಲ್ಲ, ಅವನ ಧಂದಾನೇ ಅದರ ಮ್ಯಾಲ. ಆದ್ರ ಮುಕಾದಮ್‌ಗೆ ಟಿಬಿ ಅಂತ ಹೇಳಿದ್ರ ಕೆಲಸದಿಂದ ತೆಗೀತಾನ, ಅದಕ್ಕ ಪೇಷಂಟ್ ಒಪ್ಪಿದ್ರ ಮಾತ್ರ ಹೇಳ್ತೀನಿ, ಇಲ್ಲಂದ್ರ ನಾ ಅವನ ಸ್ವಾದರ ಮಾವ ಆಗಿ ಫೋನ್ ಮಾಡ್ತೀನಿ. ಎಷ್ಟೋ ತಾಂಡಾಕ್ಕ ನಾ ಮಾವ ಆಗೀನಿ.

ಇನ್ನ ಟಿಬಿ ಪೇಷಂಟ್‌ಗಳ ದಾಖಲೆ ಇಡೋ ಸರ್ಕಾರದ ನಿಕ್ಷಯ್ ಪೋರ್ಟಲ್‌ದಾಗ ಟ್ರಾನ್ಸ್‌ಫರ್ ಅಂತ ಒಂದು ಬಟನ್ ಅದ. ಒತ್ತಿದ್ರ ಪೇಷಂಟು ನನ್ನ ಲಿಸ್ಟ್‌ದಿಂದ ಹೋಗಿ ಪುಣೆ ಲಿಸ್ಟಿಗೆ ಬೀಳ್ತಾನ. ಕಾಗದದ ಮ್ಯಾಲ ಚಂದ. ಆ ಬಟನ್ ಹೊಸದಾಗಿ ಬಂದಾಗ ನಾನೂ ಒತ್ತಿ ಆರಾಮ ಕುಂತಿದ್ದೆ, ಒಂದು ತಿಂಗಳಾದ ಮ್ಯಾಲ ನೋಡಿದ್ರ ಆ ಕಡಿ ಯಾರೂ ತಗೊಂಡೇ ಇಲ್ಲ, ಹುಡುಗ ಎರಡು ವಾರದಿಂದ ಗುಳಿಗಿ ಬಿಟ್ಟಾನ. ಅವತ್ತಿನಿಂದ ಬಟನ್ ಕಡೀಕ್ಕ, ಫೋನ್ ಮೊದ್ಲು. ಆ ಕಡಿ ಇರೋ ನನ್ನಂಥವನ ನಂಬರ್ ಹುಡುಕಿ, ನನ್ನ ಹರಕು ಹಿಂದಿದಾಗ, ಭಾವು ಭಾವು ಅಂದು, ಫಲಾನಾ ಏರಿಯಾ, ಇಂಥಾ ಸೈಟು, ಇಂಥಾ ದಿನ ಬರ್ತಾನ ಅಂತ ಹೇಳಿ, ಕೈಯಾಗ ಒಂದು ತಿಂಗಳದ ಗುಳಿಗಿ ಕೊಟ್ಟು, ಗಾಡಿ ಹತ್ತಿಸಿ, ಅವ್ರು ಸಿಕ್ಕಾನ ಅಂದ್ರ ಮಾತ್ರ ಟ್ರಾನ್ಸ್‌ಫರ್. ಬೆಂಗಳೂರು, ಪುಣೆ, ಸೊಲ್ಲಾಪುರ, ಹೈದರಾಬಾದ್ ಅಂತ ಈಗ ನನ್ನ ನೋಟ್‌ಬುಕ್‌ದಾಗ ಇಂಥಾ ನಂಬರ್ ಎಷ್ಟೋ ಅವ. ಮುಖ ಒಬ್ಬರದೂ ನೋಡಿಲ್ಲ. ಇದು ಯಾವ ಗೈಡ್‌ಲೈನ್‌ದಾಗೂ ಇಲ್ಲ, ರಿಪೋರ್ಟಿನ್ಯಾಗ ಬರ್ಯಾಕ ಕಾಲಮ್ಮೂ ಇಲ್ಲ.

ಈಗ ಒಬ್ಬ ಹುಡುಗನ ಸುದ್ದಿ ಹೇಳ್ಬೇಕು. 2015ರಾಗ, ತಾಂಡಾದವ, ಇಪ್ಪತ್ತರ ಒಳಗ ವಯಸ್ಸು, ಪುಣೆದಾಗ ಸೆಂಟ್ರಿಂಗ್ ಕೆಲಸ. ಎರಡು ಸಲ ಟ್ರೀಟ್‌ಮೆಂಟ್ ಅರ್ಧಕ್ಕ ಬಿಟ್ಟು ಎಂಡಿಆರ್ ಆಗಿತ್ತು, ಅಂದ್ರ ಮಾಮೂಲಿ ಗುಳಿಗಿಗೆ ಬಗ್ಗದ ಟಿಬಿ. ಆವಾಗಿನ ಕೋರ್ಸು ಎರಡು ವರ್ಷ, ಅದರಾಗ ಶುರುವಿಗೆ ಕಮ್ಮಿ ಅಂದ್ರ ಆರು ತಿಂಗಳು ಕೆನಾಮೈಸಿನ್ ಸೂಜಿ. ಸೂಜಿ ತಪ್ಪಬಾರದಂತ ನಾನೇ ಬೈಕಿನ ಮ್ಯಾಲ ಕೂಡಿಸ್ಕೊಂಡು ಸಬ್ ಸೆಂಟರಿಗೆ ಕರ್ಕೊಂಡು ಹೋಗ್ತಿದ್ದೆ. ನಾಕನೇ ತಿಂಗಳಿಗೆ "ಅಣ್ಣ, ಕಿವ್ಯಾಗ ಗುಂಯ್ ಅಂತದ" ಅಂದ. ಹೇಳಿ ಕಳಿಸಿದೆ, ಟೆಸ್ಟ್ ಆಗೋದು ತಡ ಆತು, ಸೂಜಿ ನಿಲ್ಲಿಸೋದೂ ತಡ ಆತು. ಟಿಬಿ ವಾಸಿ ಆತು, ನನ್ನ ರಿಜಿಸ್ಟರ್‌ದಾಗ "ಕ್ಯೂರ್ಡ್" ಅಂತ ಬರ್ದೆ. ಅವರವ್ವ "ಕೆಮ್ಮು ಹೋತು ಯಪ್ಪಾ, ಕರದ್ರ ಹೊಳ್ಳಿ ನೋಡಂಗಿಲ್ಲ" ಅಂದ್ಳು. ಕಿವುಡ ಅಂತ ಬರ್ಯಾಕ ರಿಜಿಸ್ಟರ್‌ದಾಗ ಜಾಗ ಇರಲಿಲ್ಲ.

ಅದೇ ಹೊತ್ತಿನ್ಯಾಗ ಬೆಡಾಕ್ವಿಲಿನ್ ಅಂತ ಹೊಸ ಗುಳಿಗಿ ಬಂದದಂತ ಕೇಳಿದ್ದೆ. ಅಮೆರಿಕದಾಗ 2012ರ ಡಿಸೆಂಬರ್‌ಗೇ ಪರವಾನಗಿ ಸಿಕ್ಕಿತ್ತು, ನಲವತ್ತು ವರ್ಷದಾಗ ಟಿಬಿಗೆ ಬಂದ ಮೊದ್ಲ ಹೊಸ ಥರದ ಔಷಧ. ನಮ್ಮ ದೇಶಕ್ಕ ಬಂದಾಗ 2016ರಾಗ, ಐದೇ ಊರು, ದಿಲ್ಲಿ, ಮುಂಬೈ, ಅಹಮದಾಬಾದ್, ಚೆನ್ನೈ, ಗುವಾಹಟಿ, ಅದೂ ದಾನವಾಗಿ ಬಂದ ಎಣಿಸಿದ ಡೋಸು. ಪಾಟ್ನಾದ 18 ವರ್ಷದ ಹುಡುಗಿಗೆ ದಿಲ್ಲಿದಾಗ ನೀ ಇಲ್ಲಿನ ನಿವಾಸಿ ಅಲ್ಲ ಅಂತ ಕೊಡಲಿಲ್ಲ, ಅವರಪ್ಪ ದಿಲ್ಲಿ ಹೈಕೋರ್ಟಿಗೆ ಹೋಗಬೇಕಾತು, 2017ರ ಜನವರಿದಾಗ ಔಷಧ ಸಿಕ್ತು, ಆದ್ರ ಅಷ್ಟೊತ್ತಿಗೆ ಜಡ್ಡು ಭಾಳ ಮುಂದ ಹೋಗಿತ್ತು, 2018ರಾಗ ತೀರ್ಕೊಂಡ್ಳು. ಆ ಸುದ್ದಿ ಓದಿ ನಾ ಎರಡು ದಿನ ಸರಿ ಉಣ್ಣಲಿಲ್ಲ. ನಿವಾಸಿ ಅಲ್ಲ! ಈ ಲೆಕ್ಕದಾಗ ನಮ್ಮ ಜಿಲ್ಲಾದ ಅರ್ಧ ಮಂದಿ ಎಲ್ಲಿಯ ನಿವಾಸಿನೂ ಅಲ್ಲ.

ಗುಳಿಗಿ ಯಾಕ ಇಷ್ಟು ತುಟ್ಟಿ ಅಂತ ಕೇಳ್ಕೋತ ಹೋದಾಗ ನನಗ ಪೇಟೆಂಟ್ ಅನ್ನೋದು ತಿಳೀತು, ಅಲ್ಲಿ ತನಕ ಪೇಟೆಂಟ್ ಅಂದ್ರ ಫ್ಯಾಕ್ಟರಿಯವ್ರ ವಿಷಯ ಅನ್ಕೊಂಡಿದ್ದೆ. ನಮ್ಮ 1970ರ ಕಾಯ್ದೆದಾಗ ಔಷಧ ಮಾಡೋ ವಿಧಾನಕ್ಕಷ್ಟೇ ಪೇಟೆಂಟು, ಔಷಧಕ್ಕಲ್ಲ, ಬ್ಯಾರೆ ದಾರಿಲಿ ಮಾಡಿದ್ರ ಯಾರೂ ಮಾಡಬಹುದಿತ್ತು. ನಮ್ಮ ಬಾಜು ಹೈದರಾಬಾದ್‌ದಾಗ ಅಷ್ಟು ಔಷಧ ಕಂಪನಿ ಬೆಳದಿದ್ದಕ್ಕ ಇದೂ ಒಂದು ಕಾರಣ. ವಿಶ್ವ ವ್ಯಾಪಾರ ಸಂಸ್ಥೆಗೆ ಸೇರಿದ್ದಕ್ಕ ಅದನ್ನ ಬದಲಿ ಮಾಡಬೇಕಾತು, 2005ರ ಜನವರಿ 1ರಿಂದ ಔಷಧಕ್ಕೇ ಪೇಟೆಂಟು. ಆದ್ರ ಬದಲಿ ಮಾಡುವಾಗ ನಮ್ಮವ್ರು ಎರಡು ಗೂಟ ಹೊಡದು ಇಟ್ರು. ಒಂದು 3(ಡಿ), ಹಳೇ ಔಷಧಕ್ಕ ಜರಾ ಬಣ್ಣ ಬಳದು ಹೊಸದಂದ್ರ ನಡೆಯಂಗಿಲ್ಲ, ಗುಣ ಹೆಚ್ಚಾಗ್ಯದಂತ ತೋರಿಸಬೇಕು. ಇನ್ನೊಂದು, ಪೇಟೆಂಟ್ ಕೊಡೋಕಿಂತ ಮೊದ್ಲು ಯಾರು ಬೇಕಾದ್ರೂ ತಕರಾರು ಹಾಕಬಹುದು. ಯಾರು ಬೇಕಾದ್ರೂ, ಅಂದ್ರ ನಾನೂ ಹಾಕಬಹುದು, ನೀವೂ ಹಾಕಬಹುದು.

ಹಾಕಿದವ್ರು ಇಬ್ರು ಹೆಣ್ಮಕ್ಕಳು. ಒಬ್ರು ಮುಂಬೈ ಕಡಿಯ ನಂದಿತಾ ವೆಂಕಟೇಶನ್, ಇನ್ನೊಬ್ರು ದಕ್ಷಿಣ ಆಫ್ರಿಕಾದ ಫುಮೆಜಾ ಟಿಸಿಲೆ. ಇಬ್ಬರಿಗೂ ಟಿಬಿ ಆಗಿ ವಾಸಿ ಆಗಿತ್ತು, ಇಬ್ಬರದೂ ಕಿವಿ ಟಿಬಿ ಔಷಧದಿಂದ ಹೋಗಿತ್ತು, ನಮ್ಮ ತಾಂಡಾದ ಹುಡುಗನ ಹಾಂಗೇ. ಬೆಡಾಕ್ವಿಲಿನ್‌ದ ಮೂಲ ಪೇಟೆಂಟ್ 2023ರ ಜುಲೈಗೆ ಮುಗಿಯೋದಿತ್ತು, ಕಂಪನಿಯವ್ರು ಅದರ ಉಪ್ಪಿನ ರೂಪದ (ಸಾಲ್ಟ್, ಅದೇ ಔಷಧದ ಇನ್ನೊಂದು ರಾಸಾಯನಿಕ ರೂಪ) ಮ್ಯಾಲ ಇನ್ನೊಂದು ಅರ್ಜಿ ಹಾಕಿ 2027ರ ತನಕ ಎಳೀಲಕತ್ತಿದ್ರು. ಈ ಇಬ್ರು 2019ರಾಗ ತಕರಾರು ಹಾಕಿದ್ರು, 2023ರ ಮಾರ್ಚ್‌ದಾಗ ಪೇಟೆಂಟ್ ಆಫೀಸ್ ಆ ಅರ್ಜಿ ತಿರಸ್ಕಾರ ಮಾಡ್ತು. 2020ರಾಗ 340 ಡಾಲರ್ ಇದ್ದ ಆರು ತಿಂಗಳದ ಕೋರ್ಸು 2023ರ ಆಗಸ್ಟ್‌ದಾಗ ಜಾಗತಿಕ ಖರೀದಿದಾಗ 130ಕ್ಕ ಇಳೀತು. ಜಾಗತೀಕರಣ ಅಂದ್ರ ಬರೀ ಕಂಪನಿ ಅಂತ ಬೈಯವ್ರಿಗೆ ನಾ ಇದನ್ನೂ ಹೇಳ್ತೀನಿ, ಕಾನೂನು ಕಟ್ಟಿದ್ದೂ ಹೊರಗಿನ ಒಪ್ಪಂದ, ಬಿಚ್ಚಿಸಿದ್ದು ಕೇಪ್‌ಟೌನ್ ಮುಂಬೈ ಹೆಣ್ಮಕ್ಕಳ ದೋಸ್ತಿ.

2020 ಬಿಟ್ಟು ಹೇಳಿದ್ರ ನಮ್ಮ ಕಡಿಯವ್ರು ನಗ್ತಾರ. ದೇಶದ ಮೊದ್ಲ ಕೊರೊನಾ ಸಾವು ಕಲಬುರಗಿದೇ, ಸೌದಿಯಿಂದ ಬಂದ 76 ವರ್ಷದ ಹಿರಿಯರು, ಮಾರ್ಚ್ 10ಕ್ಕ ತೀರ್ಕೊಂಡ್ರು, 12ಕ್ಕ ಕೊರೊನಾ ಅಂತ ಗೊತ್ತಾತು. ಅವತ್ತು ಕೈಗೆ ಬಂದ ಕಾನೂನು 1897ರದ್ದು, ಅದೂ ಮುಂಬೈಗೆ ಪ್ಲೇಗ್ ಬಂದಾಗ ಬ್ರಿಟಿಷರು ಮಾಡಿದ್ದು. ಟಿಬಿ ಪತ್ತೆ ಮಾಡೋ ನಮ್ಮ ಟ್ರೂನ್ಯಾಟ್ ಮಷಿನ್ ಕೊರೊನಾ ಟೆಸ್ಟಿಗೆ ಹೋದ್ವು, ಟಿಬಿ ಕಫದ ಡಬ್ಬಿ ಮೂಲಿಗೆ ಬಿತ್ತು. ಮೇದಾಗ ಮಹಾರಾಷ್ಟ್ರದಿಂದ ಮಂದಿ ತಿರುಗಿ ಬಂದ್ರು, ಯಾದಗಿರಿದಾಗ ಸಾಲಿಗಳೆಲ್ಲ ಕ್ವಾರಂಟೈನ್. ನನಗೂ ಅಲ್ಲಿ ಡ್ಯೂಟಿ. ಹೆದರ್ಕೋತ ಹೋದೆ, ಆದ್ರ ಒಂದು ಸಾಲಿಯಾಗ ಹಾಜರಿ ಕೂಗ್ಲಕತ್ತಾಗ ಒಂದು ಹೆಸರು ಗುರ್ತು ಹತ್ತಿತು, ಎಂಟು ತಿಂಗಳದಿಂದ ನನ್ನ ಲಿಸ್ಟ್‌ದಾಗ "ಪತ್ತೆ ಇಲ್ಲ" ಅಂತಿದ್ದವ. "ಮಾವ!" ಅಂದ. ಆ ಹದಿನಾಕು ದಿನದಾಗ ಹಾಂಗ ಮೂರು ಮಂದಿ ಸಿಕ್ರು. ಮೂವರಿಗೂ ಸಾಲಿಯಾಗೇ ಗುಳಿಗಿ ಶುರು ಮಾಡ್ಸಿದೆ.

ಮೆಡಿಕಲ್ ಶಾಪಿನ ಕಥಿ ಜರಾ ಹೇಳಿ ಮುಂದ ಹೋಗ್ತೀನಿ. ಟಿಬಿ ಗುಳಿಗಿ ಮಾರಿದ್ರ ಯಾರಿಗೆ ಕೊಟ್ರಂತ ಎಚ್1 ಅನ್ನೋ ರಿಜಿಸ್ಟರ್‌ದಾಗ ಬರೀಬೇಕು, ಇದು 2014ರ ಮಾರ್ಚ್ 1ರಿಂದ ಅದ. 2018ರಿಂದ ಪ್ರೈವೇಟ್ ಡಾಕ್ಟರು, ಮೆಡಿಕಲ್‌ನವ್ರು ಟಿಬಿ ಪೇಷಂಟಿನ ಸುದ್ದಿ ಸರ್ಕಾರಕ್ಕ ತಿಳಿಸಲಿಲ್ಲಂದ್ರ ಶಿಕ್ಷೆನೂ ಅದ. ಮೊದ್ಲ ಸಲ ನಾ ಗೆಜೆಟ್ ಪ್ರಿಂಟ್ ಹಿಡ್ಕೊಂಡು ಹೋಗಿದ್ದೆ, ಅಂಗಡಿಯವ ರಿಜಿಸ್ಟರೇ ತೋರಿಸಲಿಲ್ಲ. ಎರಡನೇ ಸಲ ಪ್ರಿಂಟ್ ಬಿಟ್ಟು ಹೋದೆ, ಚಾ ಕುಡುದ್ವಿ, ಅವನ ಮಗನ ನೀಟ್ ಬಗ್ಗೆ ಅರ್ಧ ತಾಸು ಕೇಳಿದೆ. ಈಗ ಅವನೇ ಫೋನ್ ಮಾಡಿ "ಸರ್, ಒಬ್ಬ ಬಂದಿದ್ದ" ಅಂತಾನ, ತಿಳಿಸಿದವ್ರಿಗೆ ಸರ್ಕಾರದ 500 ರೂಪಾಯಿ ಬರ್ತದ ಅನ್ನೋದೂ ಅವನಿಗೆ ನೆನಪದ.

2024ರ ಶುರುವಿಗೆ ದೇಶದಾಗೆಲ್ಲ ಗುಳಿಗಿ ಕೊರತಿ ಬಂತು, ಮಾರ್ಚ್‌ದಾಗ ರಾಜ್ಯಗಳಿಗೆ ನೀವೇ ಖರೀದಿ ಮಾಡ್ಕೋರಿ ಅಂತ ಹೇಳಿದ್ರು. ಆ ದಿನಗಳಾಗ ತಿಂಗಳದ ಗುಳಿಗಿ ಕೊಡೋ ಜಾಗದಾಗ ವಾರದ್ದು ಕೊಟ್ಟೆ, ಗುಳೆ ಹೋಗವ್ರನ್ನ ತಡೀಲಾಕ ಆಗಲಿಲ್ಲ, ನನ್ನ ನೋಟ್‌ಬುಕ್ಕಿನ ನಂಬರ್‌ಗಳಿಗೆಲ್ಲ "ನಿಮ್ಮಲ್ಲಿ ಸ್ಟಾಕ್ ಅದ ಏನು" ಅಂತ ಕೇಳೋದೇ ಕೆಲಸ ಆತು. ಮುಂದಿನ ವರ್ಷ ಜನವರಿದಾಗ ಅಮೆರಿಕ ವಿದೇಶಿ ನೆರವು ನಿಲ್ಲಿಸ್ತು. ಅಂಥಾ ದುಡ್ಡಿನ ಪ್ರಾಜೆಕ್ಟ್‌ದಾಗ ಮನಿ ಮನಿ ತಿರುಗ್ತಿದ್ದ ನನ್ನ ಗೆಳೆಯನ ಕೆಲಸ ಹೋತು, ಬೈಕಿನ ಕಂತು ಇನ್ನ ಬಾಕಿ ಇತ್ತು. ವಾಷಿಂಗ್ಟನ್‌ದಾಗ ಸಹಿ, ಶಹಾಪುರದಾಗ ಕಂತು.

ಪೇಷಂಟಿಗೆ ಊಟಕ್ಕ ತಿಂಗಳಾ 500 ಬರ್ತಿತ್ತು, 2024ರ ನವೆಂಬರ್‌ನಿಂದ 1000 ಆಗ್ಯದ. ಛಲೋ ಆತು. ಆದ್ರ ದುಡ್ಡು ಯಾದಗಿರಿ ಖಾತಿಗೆ ಬೀಳ್ತದ, ಪೇಷಂಟು ಪುಣೆ ಹಿಂಜೆವಾಡಿದಾಗ, ಎಟಿಎಂ ಕಾರ್ಡು ಅವ್ವನ ಹತ್ರ.

ಆ ಕಿವುಡ ಹುಡುಗ ಹೋದ ತಿಂಗಳು ಸೆಂಟರಿಗೆ ಬಂದಿದ್ದ. ಈಗ ಮದುವಿ ಆಗ್ಯದ, ಎರಡು ಮಕ್ಕಳು. ಸಂಗಡ ಅದೇ ತಾಂಡಾದ ಇನ್ನೊಬ್ಬನ್ನ ಕರ್ಕೊಂಡು ಬಂದಿದ್ದ, ಟ್ರೂನ್ಯಾಟ್ ರಿಪೋರ್ಟಿನ್ಯಾಗ ರಿಫಾಂಪಿಸಿನ್ ರೆಸಿಸ್ಟೆಂಟ್, ಅಂದ್ರ ಇವನದೂ ಮಾಮೂಲಿ ಗುಳಿಗಿಗೆ ಬಗ್ಗದ ಟಿಬಿ. ನನ್ನ ಟೇಬಲ್ ಮ್ಯಾಲಿನ ಪೆನ್ನು ತಗೊಂಡು ಆ ರಿಪೋರ್ಟಿನ ಹಿಂದೇ ಬರ್ದ, "ಇವನಿಗೆ ಸೂಜಿ ಬ್ಯಾಡ". ನಾ ಕೆಳಗ ಬರ್ದೆ, "ಈಗ ಸೂಜಿ ಇಲ್ಲ, ಆರು ತಿಂಗಳು ಗುಳಿಗಿ ಅಷ್ಟೇ". ಓದಿದ. ಮತ್ತ ಪೆನ್ನು ತಗೊಂಡು "ಯಾವಾಗಿಂದ?" ಅಂತ ಬರ್ದ. ಡಬ್ಲ್ಯುಎಚ್‌ಒ ಕೆನಾಮೈಸಿನ್ ಬ್ಯಾಡ ಅಂದಿದ್ದು 2018ರಾಗ, ಅವನ ಕೋರ್ಸ್ ಮುಗದು ಒಂದು ವರ್ಷಕ್ಕ. ನಾ ಬರೀಲಿಲ್ಲ, ನೀರಿನ ಬಾಟ್ಲಿ ಮುಂದ ಸರಿಸಿದೆ.

ಹೊಸಬ ಮಂಗಳವಾರ ಪುಣೆ ಗಾಡಿಗೆ ಹೋಗ್ತೀನಿ ಅಂದ. ಈ ಗುಳಿಗಿ ಹೃದಯಕ್ಕ ತ್ರಾಸ ಕೊಡಬಹುದು, ಕಲಬುರಗಿದಾಗ ಇಸಿಜಿ, ರಕ್ತ ಎಲ್ಲ ಆಗೋ ತನಕ ಬಿಡಂಗಿಲ್ಲ ಅಂದೆ. ಮಾರಿ ಸಣ್ಣ ಮಾಡ್ದ. ಮುಕಾದಮ್ ಬೈತಾನಂತ. ನಂಬರ್ ಕೊಡು, ನಾ ನಿನ್ನ ಸ್ವಾದರ ಮಾವ ಮಾತಾಡ್ತೀನಿ ಅಂತ ಹೇಳಿ ನೋಟ್‌ಬುಕ್ ತೆಗದೆ.