ಒಂಬತ್ತು ವರ್ಷದ ಕೆಂಚಿಗೆ ಮನೆ ಸಿಕ್ಕಿದ್ದು

ಬಿಟ್ಟುಹೋದ ನಾಯಿಗಳನ್ನು ಮನೆಯಲ್ಲಿಟ್ಟುಕೊಂಡು, ಅವಕ್ಕೆ ಹೊಸ ಮನೆ ಹುಡುಕಿಕೊಡುತ್ತೇನೆ. ಕೆಂಚಿ ನಮ್ಮ ಮನೆಗೆ ಬಂದಾಗ ಅವಳಿಗೆ ಸುಮಾರು 9 ವರ್ಷ. ಜೇವರ್ಗಿ ರಸ್ತೆಯ ಬಾಡಿಗೆ ಮನೆ ಖಾಲಿ ಮಾಡಿದವರು ಅವಳನ್ನು ಗೇಟಿಗೆ ಕಟ್ಟಿ ಹೋಗಿದ್ದರು. ಲ್ಯಾಬ್ರಡಾರ್ ಮುಖ, ಬೀದಿ ನಾಯಿಯ ಸುರುಳಿ ಬಾಲ, ಮೂತಿಯೆಲ್ಲ ಬಿಳಿ. ಕಲಬುರಗಿಯಲ್ಲಿ ಮರಿಗಳಿಗೆ ಮನೆ ಹುಡುಕುವುದು ಅಷ್ಟೇನೂ ಕಷ್ಟವಲ್ಲ. ಇಂಥವಳಿಗೆ ಹುಡುಕುವುದು ಬೇರೆಯೇ ಕೆಲಸ.

ಫೋನ್ ಮಾಡಿದವರು ಮೊದಲು ಕೇಳುತ್ತಿದ್ದದ್ದು "ಯಾವ ಜಾತಿ?" ಅಂತ. ಆಮೇಲೆ, "ಬಾಯಾರ, ಇದು ಮುದುಕಿ ಆಗ್ಯಾದಲ್ರೀ, ಎಷ್ಟ್ ದಿನ ಇರ್ತದ?" ಈ ಎರಡು ಪ್ರಶ್ನೆಗೆ ಉತ್ತರ ಹುಡುಕುತ್ತಾ ನಾನು ಬಹಳ ದಿನ ಕಳೆದೆ. ಅವಳ ಕಥೆ ಬರೆದೆ, ಕಣ್ಣೀರು ಬರುವ ಫೋಟೋ ಹಾಕಿದೆ. ಜನ "ಪಾಪ" ಅಂದರು. ಕರೆದುಕೊಂಡು ಹೋಗಲು ಯಾರೂ ಬರಲಿಲ್ಲ.

ಅದಕ್ಕೂ ಮುಂಚೆ ಒಂದು ದೊಡ್ಡ ತಪ್ಪು ಮಾಡಿದ್ದೆ. ಸೊಂಟ ನೋವಿದ್ದ ಒಂದು ಗಂಡು ನಾಯಿಯನ್ನು ಮಕ್ಕಳಿದ್ದ ಮನೆಗೆ ಕೊಟ್ಟೆ. ನೋವಿನ ವಿಷಯ ಹೇಳಿದರೆ ಬೇಡ ಅಂತಾರೇನೋ ಅನ್ನುವ ಭಯಕ್ಕೆ ಸುಮ್ನಿದ್ದೆ. ನಾಲ್ಕನೇ ದಿನ ಮಗು ಹಿಂದಿನಿಂದ ತಬ್ಬಿಕೊಂಡಿತು, ನಾಯಿ ಹಲ್ಲು ತೋರಿಸಿ ಗುರ್ರೆಂದಿತು. ಪುಣ್ಯಕ್ಕೆ ಕಚ್ಚಲಿಲ್ಲ. ಅದೇ ಸಂಜೆ ವಾಪಸ್ ತಂದು ಬಿಟ್ಟರು. ಅವರದ್ದೂ ತಪ್ಪಲ್ಲ, ನಾಯಿಯದ್ದೂ ಅಲ್ಲ. ತಪ್ಪು ನನ್ನದು. ಅಂದಿನಿಂದ ಕೊರತೆಯನ್ನೇ ಮೊದಲು ಹೇಳುತ್ತೇನೆ.

ಕೆಂಚಿ ಬಂದ ಮೊದಲ ಒಂದು ತಿಂಗಳು ಅವಳನ್ನು ಯಾರಿಗೂ ತೋರಿಸಿರಲಿಲ್ಲ. ಹೊಸ ಮನೆಗೆ ಬಂದ ನಾಯಿ ಮೊದಲ ಕೆಲವು ದಿನ ಹೆದರಿ ಮುದುಡಿರುತ್ತದೆ. ನಿಜವಾದ ಸ್ವಭಾವ ಕಾಣಲು ಎರಡು ಮೂರು ವಾರವಾದರೂ ಬೇಕು. ರಕ್ತ ಪರೀಕ್ಷೆಯಲ್ಲಿ ಉಣ್ಣೆ ಹುಳ ಕಚ್ಚಿ ಬರುವ ಜ್ವರ ಸಿಕ್ಕಿತು, ಪ್ಲೇಟ್‌ಲೆಟ್ ಕಡಿಮೆ ಇತ್ತು. 28 ದಿನ ಡಾಕ್ಸಿಸೈಕ್ಲಿನ್ ಮಾತ್ರೆ ನುಂಗಿಸಿದೆವು. ಚೇತರಿಸಿಕೊಂಡ ಮೇಲೆ ಸಂತಾನಹರಣ ಶಸ್ತ್ರಚಿಕಿತ್ಸೆ, ರೇಬೀಸ್ ಲಸಿಕೆ. ವಯಸ್ಸಾದ ಹೆಣ್ಣು ನಾಯಿಗೆ ಈ ಆಪರೇಷನ್ ಬಿಡಬಾರದು. ಬೆದೆ ಮುಗಿದ ಕೆಲವು ವಾರಕ್ಕೆ ಗರ್ಭಕೋಶದಲ್ಲಿ ಕೀವು ತುಂಬಿದರೆ ಜೀವಕ್ಕೇ ಅಪಾಯ.

ಕಣ್ಣಲ್ಲಿ ನೀಲಿ ಮಂಜಿನಂಥದ್ದಿತ್ತು. ನೋಡಿದವರೆಲ್ಲ ಕುರುಡು ಅಂದುಕೊಂಡರು. ಡಾಕ್ಟರ್ ಪರೀಕ್ಷೆ ಮಾಡಿ, ಇದು ಪೊರೆ ಅಲ್ಲ ಅಂದರು. ವಯಸ್ಸಾದಂತೆ ಕಣ್ಣಿನ ಮಸೂರ ಗಟ್ಟಿಯಾಗಿ ಹಾಗೆ ಕಾಣುತ್ತದಂತೆ. ದೃಷ್ಟಿ ಚೆನ್ನಾಗಿಯೇ ಇತ್ತು. ಈ ಒಂದು ಮಾತು ಬರೆದು ಹಾಕಿದ ಮೇಲೆ ಫೋನ್ ಜಾಸ್ತಿ ಬಂದವು.

ಈ ಸಲ ಕಥೆ ಬರೆಯಲಿಲ್ಲ. ಅವಳ ಒಂದು ದಿನ ಬರೆದೆ. ಬೆಳಿಗ್ಗೆ 6ಕ್ಕೆ ಏಳುತ್ತಾಳೆ. 20 ನಿಮಿಷ ನಡೆದರೆ ಸಾಕು. ಮನೆಯೊಳಗೆ ಗಲೀಜು ಮಾಡುವುದಿಲ್ಲ, ಚಪ್ಪಲಿ ಕಡಿಯುವುದಿಲ್ಲ. ಮಧ್ಯಾಹ್ನವೆಲ್ಲ ಶಹಾಬಾದ್ ಕಲ್ಲಿನ ನೆಲದ ಮೇಲೆ ಮಲಗುತ್ತಾಳೆ. ಕುಕ್ಕರ್ ಸೀಟಿಗೆ ಹೆದರುತ್ತಾಳೆ. ಬೆಕ್ಕು ಕಂಡರೆ ಆಗುವುದಿಲ್ಲ.

ಬ್ರಹ್ಮಪುರದ ನಿವೃತ್ತ ಮೇಷ್ಟ್ರೊಬ್ಬರು ಬಂದರು. ಹೆಂಡತಿ ತೀರಿಕೊಂಡಿದ್ದರು, ಮಗ ಹೈದರಾಬಾದಿನಲ್ಲಿ. ಅರ್ಧ ಗಂಟೆ ಕೆಂಚಿಯ ಪಕ್ಕದಲ್ಲಿ ಮಾತಿಲ್ಲದೆ ಕೂತರು. ಆಮೇಲೆ ಕೇಳಿದರು: "ನಮ್ಮ ಮನ್ಯಾಗ ಮಾಂಸ ಮಾಡಂಗಿಲ್ಲ ನೋಡ್ರಿ. ನಡೀತದೇನು?" ನಡೆಯುತ್ತದೆ ಅಂದೆ. ಬೆಕ್ಕಿನ ಹಾಗಲ್ಲ ನಾಯಿ, ಕಾಳು ಬೇಳೆಯನ್ನೂ ಜೀರ್ಣಿಸಿಕೊಳ್ಳುತ್ತದೆ. ಆದರೆ ಬರೀ ರೊಟ್ಟಿ ಮಜ್ಜಿಗೆ ಸಾಲದು. ಅಂಗಡಿಯ ಸಸ್ಯಾಹಾರಿ ನಾಯಿ ಆಹಾರವನ್ನೇ ಮುಖ್ಯವಾಗಿ ಕೊಟ್ಟು, ಮೇಲೆ ಮೊಸರು, ಬೇಯಿಸಿದ ತೊಗರಿಬೇಳೆ ಹಾಕಿ ಅಂದೆ. ಉಳ್ಳಾಗಡ್ಡಿ, ಬೆಳ್ಳುಳ್ಳಿ ಬಿದ್ದ ಸಾರು ಮಾತ್ರ ಬೇಡವೇ ಬೇಡ. ಅದು ನಾಯಿಯ ರಕ್ತಕಣಗಳನ್ನು ಹಾಳು ಮಾಡುತ್ತದೆ.

ಹೊರಡುವಾಗ ಬಾಗಿಲಲ್ಲಿ ನಿಂತು ಇನ್ನೊಂದು ಕೇಳಿದರು. "ನಾ ಮೊದಲ ಹೋದ್ರ ಇದರ ಗತಿ ಏನ್ರಿ?"

ನನಗೆ ಗಂಟಲು ಕಟ್ಟಿತು. ಎಷ್ಟೋ ಹಿರಿಯರು ಈ ಭಯಕ್ಕೇ ನಾಯಿ ಬೇಡ ಅನ್ನುತ್ತಾರೆ, ಅಲ್ವಾ? ಅವರಿಗೆ ಮರಿ ಕೊಡುವುದು ನನಗೂ ಸರಿ ಕಾಣುವುದಿಲ್ಲ. ಅದು ಹನ್ನೆರಡು, ಹದಿನಾಲ್ಕು ವರ್ಷದ ಜವಾಬ್ದಾರಿ. ಆದರೆ ಒಂಬತ್ತು ವರ್ಷದವಳು ಅವರ ಹೆಜ್ಜೆಗೆ ಹೆಜ್ಜೆ ಹಾಕುತ್ತಾಳೆ. ಒಂದು ಹಾಳೆ ತೆಗೆದುಕೊಂಡು ಬರೆದುಕೊಟ್ಟೆ: ಯಾವಾಗ ಬೇಕಾದರೂ, ಯಾವ ಕಾರಣಕ್ಕಾದರೂ, ಕೆಂಚಿ ನನ್ನ ಮನೆಗೆ ವಾಪಸ್ ಬರಬಹುದು. ಮಗನ ನಂಬರೂ ಬರೆಸಿಕೊಂಡೆ. ಅವನ ಜೊತೆ ಮಾತಾಡಿದ ಮೇಲೆಯೇ ನಾನು ಹೂಂ ಅಂದದ್ದು. ಈಗ ಪ್ರತಿ ನಾಯಿಯ ಜೊತೆ ಈ ಹಾಳೆ ಹೋಗುತ್ತದೆ.

ಆಗ ಮೇ ತಿಂಗಳು, 43 ಡಿಗ್ರಿ ಬಿಸಿಲು. ಆ ಸೆಕೆಯಲ್ಲಿ ವಯಸ್ಸಾದ ನಾಯಿಯ ಜಾಗ ಬದಲಿಸುವುದು ಬೇಡ ಅಂತ ಮಳೆ ಬೀಳುವವರೆಗೆ ಕಾದೆವು. ಮೇಷ್ಟ್ರು ಅಷ್ಟು ದಿನವೂ ಸಂಜೆ ಬಂದು ಅವಳನ್ನು ತಿರುಗಾಡಿಸಿದರು. ಜುಲೈನಲ್ಲಿ ಅವಳ ಹಳೇ ಚಾಪೆಯ ಸಮೇತ ಕರೆದುಕೊಂಡು ಹೋದರು. ಚಾಪೆ ತೊಳೆಯಬೇಡಿ, ಅದರ ವಾಸನೆ ಅವಳಿಗೆ ಧೈರ್ಯ ಅಂತ ಹೇಳಿ ಕಳಿಸಿದೆ. ಮೊದಲ ಎರಡು ರಾತ್ರಿ ಊಟ ಬಿಟ್ಟಳು. ಮೂರನೇ ದಿನ ತಿಂದಳು.

ಈಗ ಮನೆಯಲ್ಲಿ ಇನ್ನೊಬ್ಬಳಿದ್ದಾಳೆ. ಕಪ್ಪು ಬಣ್ಣ, ಮುಧೋಳದ ನಾಯಿಯ ಉದ್ದ ಕಾಲು, ಸುಮಾರು 8 ವರ್ಷ. ಬಲಗಿವಿ ಕೇಳುವುದಿಲ್ಲ, ಎಡಗಡೆ ನಿಂತು ಕರೆಯಬೇಕು. ಮೂರು ಹಲ್ಲಿಲ್ಲ, ನೆನೆಸಿ ಕೊಟ್ಟರೆ ಎಲ್ಲ ತಿನ್ನುತ್ತಾಳೆ. ಒಬ್ಬಳೇ ಇದ್ದರೆ ಮೊದಲ ಹತ್ತು ನಿಮಿಷ ಅಳುತ್ತಾಳೆ, ಆಮೇಲೆ ಬಾಗಿಲ ಬಳಿ ಮಲಗುತ್ತಾಳೆ.